ರುಮಟಾಯ್ಡ್ ಸಂಧಿವಾತದಲ್ಲಿ ವಂಶವೂ ಕಾರಣವೂ: ಒಂದು ವಿಮರ್ಶೆ

೧

ರುಮಟಾಯ್ಡ್ ಸಂಧಿವಾತವೆಂದು ಈಗಿನ ವೈದ್ಯರು ಕರೆಯುವ ರೋಗವು ಯಾವುದೊಂದು ದೇಶಕ್ಕಾಗಲಿ ಯಾವುದೊಂದು ಜನಾಂಗಕ್ಕಾಗಲಿ ಮೀಸಲಾದುದಲ್ಲ. ಬೆಳಿಗ್ಗೆ ಎದ್ದಾಗ ಕೈಬೆರಳ ಗೆಣ್ಣುಗಳು ಬಿಗಿದು, ಬಾತು, ನೋಯುತ್ತಿದ್ದು, ಹೊತ್ತೇರಿದ ಮೇಲೆ ಅಷ್ಟಿಷ್ಟು ಸಡಿಲವಾಗುವುದು ಇದರ ಮೊದಲ ಲಕ್ಷಣವು. ಉಪೇಕ್ಷಿಸಿದರೆ ಮೃದ್ವಸ್ಥಿಯೂ ಅಸ್ಥಿಯೂ ಸವೆದು ಸಂಧಿಗಳು ವಕ್ರವಾಗುವುವು. ಲೋಕದಲ್ಲಿ ೨೦೦ ಮಂದಿಗೆ ಒಬ್ಬರಿಂದ ೧೦೦ ಮಂದಿಗೆ ಒಬ್ಬರವರೆಗೆ ಈ ರೋಗವುಂಟು. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅಮೆರಿಕದ ಅರಿಜೋನಾ ಪ್ರಾಂತದ ಮೂಲನಿವಾಸಿಗಳಾದ ಪಿಮಾ ಜನರಲ್ಲಿಯಾದರೋ ಇದು ನೂರಕ್ಕೆ ೫ರಷ್ಟು ಕಂಡುಬಂದಿದೆ. ಶರೀರವನ್ನು ಹೊರಗಿನ ಶತ್ರುಗಳಿಂದ ಕಾಯಬೇಕಾದ ರಕ್ಷಣಶಕ್ತಿಯು ಸ್ವಕೀಯವನ್ನೇ ಪರಕೀಯವೆಂದು ಭ್ರಮಿಸಿ ಸಂಧಿಗಳ ಒಳಪೊರೆಯ ಮೇಲೆ ಬೀಳುವುದೇ ಇದರ ಸ್ವರೂಪವೆಂಬುದು ಸಿದ್ಧವಾಗಿರುವ ವಿಷಯವು.

ಈ ಭ್ರಮೆಯು ಒಬ್ಬರಿಗೆ ಉಂಟಾಗಿ ಮತ್ತೊಬ್ಬರಿಗೆ ಉಂಟಾಗದಿರಲು ಕಾರಣವೇನು? ತಂದೆತಾಯಿಗಳಿಂದ ಬಂದ ಬೀಜವೇ ಕಾರಣವೆಂದರೆ ಅದು ಅರ್ಧಸತ್ಯವು. ಇಂಗ್ಲೆಂಡಿನಲ್ಲಿ ೧೯೯೩ರಲ್ಲಿ ಪ್ರಕಟವಾದ ಅವಳಿಜವಳಿಗಳ ಪರಿಶೀಲನೆಯಲ್ಲಿ, ಒಂದೇ ಪಿಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಈ ರೋಗವಿದ್ದರೆ ಇನ್ನೊಬ್ಬರಿಗೂ ಇರುವುದು ನೂರಕ್ಕೆ ಸುಮಾರು ೧೫ ಸಂದರ್ಭಗಳಲ್ಲಿ ಮಾತ್ರವೆಂದು ತಿಳಿದುಬಂದಿತು. ಬೇರೆ ಬೇರೆ ಪಿಂಡಗಳ ಅವಳಿಗಳಲ್ಲಿ ಇದು ನೂರಕ್ಕೆ ೪ರಷ್ಟು. ಮೊದಲ ಸಂಖ್ಯೆಯು ಎರಡನೆಯದಕ್ಕಿಂತ ಹೆಚ್ಚಾಗಿರುವುದರಿಂದ ಬೀಜವು ಕಾರಣಗಳಲ್ಲಿ ಒಂದೆಂಬುದೂ, ಅದು ೧೦೦ನ್ನು ಮುಟ್ಟದಿರುವುದರಿಂದ ಬೀಜವೊಂದೇ ಕಾರಣವಲ್ಲವೆಂಬುದೂ ಏಕಕಾಲದಲ್ಲಿ ಸಿದ್ಧಿಸುತ್ತವೆ.

ಈ ಬೀಜಕಾರಣವು ಎಲ್ಲ ಜನಾಂಗಗಳಲ್ಲಿಯೂ ಒಂದೆಯೋ, ಬೇರೆ ಬೇರೆಯೋ ಎಂಬ ವಿಷಯದಲ್ಲಿ ಕಳೆದ ನಾಲ್ಕೂವರೆ ದಶಕಗಳಲ್ಲಿ ವಿಪುಲವಾದ ಸಾಹಿತ್ಯವು ಬೆಳೆದಿದೆ. ಅದರಲ್ಲಿ ಒಕಾಡ ಮತ್ತು ಸಂಗಡಿಗರು ೨೦೧೪ರಲ್ಲಿಯೂ, ಇಶಿಗಾಕಿ ಮತ್ತು ಸಂಗಡಿಗರು ೨೦೨೨ರಲ್ಲಿಯೂ ಪ್ರಕಟಿಸಿದ ಎರಡು ಪ್ರಬಂಧಗಳು ಪ್ರಧಾನವಾದುವು. ಇವುಗಳಲ್ಲಿ ಹೇತುವೆಂದು ಯಾವುದು ಹಿಡಿಯಲ್ಪಟ್ಟಿದೆ, ಆ ಹೇತುವು ಸಾಧುವೇ, ಅದರಿಂದ ಭಾರತದ ರೋಗಿಗಳ ವಿಷಯದಲ್ಲಿ ಏನನ್ನು ನಿಶ್ಚಯಿಸಬಹುದು ಎಂಬುದೇ ಇಲ್ಲಿಯ ವಿಚಾರವು.

೨

ಪೂರ್ವವೃತ್ತಾಂತವನ್ನು ಮೊದಲು ನೋಡಬೇಕು. ಅಮೆರಿಕದ ಡಲ್ಲಾಸ್ ನಗರದ ಪೀಟರ್ ಸ್ಟಾಸ್ಟ್ನಿ ಎಂಬ ವಿದ್ವಾಂಸರು ೧೯೭೮ರಲ್ಲಿ, ರಕ್ತದ ಬಿಳಿಕಣಗಳ ಮೇಲಿರುವ ಡಿ.ಆರ್. ೪ ಎಂಬ ಗುರುತು ಈ ರೋಗಿಗಳಲ್ಲಿ ಆರೋಗ್ಯವಂತರಿಗಿಂತ ಬಹಳ ಹೆಚ್ಚಾಗಿರುವುದೆಂದು ತೋರಿಸಿದರು. ಈ ಗುರುತುಗಳು ಎಚ್.ಎಲ್.ಎ. ಎಂಬ ವಂಶವಾಹಿಗಳ ಸಮೂಹಕ್ಕೆ ಸೇರಿದುವು. ಶರೀರದೊಳಗಿನ ಪ್ರೋಟೀನುಗಳ ತುಣುಕುಗಳನ್ನು ತಮ್ಮ ತೋಡಿನಲ್ಲಿ ಹಿಡಿದು ರಕ್ಷಕಕಣಗಳಿಗೆ ತೋರಿಸುವುದು ಅವುಗಳ ಕೆಲಸವು. ಯಾವ ತುಣುಕನ್ನು ತೋರಿಸಿದರೆ ಯಾವ ರಕ್ಷಕಕಣವು ಎಚ್ಚರಗೊಳ್ಳುವುದೆಂಬುದು ತೋಡಿನ ಆಕಾರವನ್ನು ಅವಲಂಬಿಸಿದೆ.

ಆದರೆ ಕೆಲವು ಜನಾಂಗಗಳ ರೋಗಿಗಳಲ್ಲಿ ಡಿ.ಆರ್. ೪ ಇರಲಿಲ್ಲ; ಅದಕ್ಕೆ ಬದಲಾಗಿ ಡಿ.ಆರ್. ೧ ಮೊದಲಾದುವು ಇದ್ದುವು. ಆಗ ಗ್ರೆಗರ್ಸನ್, ಸಿಲ್ವರ್, ವಿಂಚೆಸ್ಟರ್ ಎಂಬ ಮೂವರು ೧೯೮೭ರಲ್ಲಿ ಒಂದು ಸಮನ್ವಯವನ್ನು ಮಾಡಿದರು. ಹೆಸರುಗಳು ಬೇರೆಯಾದರೂ ಈ ಎಲ್ಲ ಭೇದಗಳಲ್ಲಿಯೂ ಡಿ.ಆರ್.ಬಿ. ೧ ಎಂಬ ಸರಪಣಿಯ ೭೦ನೆಯದರಿಂದ ೭೪ನೆಯವರೆಗಿನ ಸ್ಥಾನಗಳಲ್ಲಿರುವ ಅಮೈನೋ ಆಮ್ಲಗಳು ಹೆಚ್ಚು ಕಡಮೆ ಒಂದೇ ಅನುಪೂರ್ವಿಯಲ್ಲಿವೆ. ರೋಗಕ್ಕೆ ಸಂಬಂಧಿಸಿದುದು ಈ ಸಾಧಾರಣಾಂಶವೇ ಹೊರತು ಹೆಸರಲ್ಲ, ಎಂಬುದು ಅವರ ಸಿದ್ಧಾಂತ. ಉತ್ತರ ಯೂರೋಪಿನಲ್ಲಿ ೦೪:೦೧ ಎಂಬ ಭೇದವೂ, ಜಪಾನಿನಲ್ಲಿ ೦೪:೦೫ ಎಂಬುದೂ, ಅಮೆರಿಕದ ಮೂಲನಿವಾಸಿಗಳಲ್ಲಿ ೧೪:೦೨ ಎಂಬುದೂ ಪ್ರಚುರವಾಗಿವೆ. ಭಾರತೀಯರ ಪರಿಶೀಲನೆಗಳಲ್ಲಿ ೧೦:೦೧ ಎಂಬುದು ಮುಂದೆ ಬಂದಿದೆ. ನಾಲ್ಕೂ ಬೇರೆ ಬೇರೆ ಹೆಸರುಗಳು. ನಾಲ್ಕರಲ್ಲಿಯೂ ಆ ಸಾಧಾರಣಾಂಶವುಂಟು.

ಪ್ರತ್ಯಂತರಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸಿದವರಿಗೆ ಈ ರೀತಿಯು ಹೊಸದಾಗಿ ತೋರಲಾರದು. ಒಂದೇ ಮಾತೃಕೆಯಿಂದ ಇಳಿದ ಓಲೆಪ್ರತಿಗಳಲ್ಲಿ ಒಂದು ಲಿಪಿಕಾರದೋಷದೊಡನೆ ಮತ್ತೊಂದು ದೋಷವೂ ತಲೆತಲಾಂತರವಾಗಿ ಕೂಡಿಯೇ ಬರುವುದುಂಟು. ಅರ್ಥವನ್ನು ಕೆಡಿಸಿದುದು ಎರಡನೆಯದಾಗಿದ್ದರೂ ಮೊದಲನೆಯದನ್ನು ಕಂಡೊಡನೆ ಈ ಶಾಖೆಯಲ್ಲಿ ಅರ್ಥವು ಕೆಟ್ಟಿದೆಯೆಂದು ಊಹಿಸಬಹುದು. ಮತ್ತೊಂದು ಶಾಖೆಯ ಪ್ರತಿಗಳಲ್ಲಿಯಾದರೋ ಮೊದಲನೆಯ ದೋಷವು ಎರಡನೆಯದಿಲ್ಲದೆಯೇ ಇರಬಹುದು. ಅಲ್ಲಿ ಆ ಊಹೆಯು ಮುರಿದುಬೀಳುವುದು. ವಂಶವಾಹಿಗಳ ಸೂತ್ರದಲ್ಲಿಯೂ ಹೀಗೆಯೇ. ಹತ್ತಿರ ಹತ್ತಿರವಿರುವ ಭೇದಗಳು ಒಂದು ಜನಾಂಗದಲ್ಲಿ ಕೂಡಿಯೇ ಇಳಿದುಬರುತ್ತವೆ. ಸಂಶೋಧಕರು ಅಳೆಯುವುದು ಬಹುತೇಕ ಒಂದು ಗುರುತನ್ನು. ಕೆಲಸಮಾಡುವುದು ಅದರ ನೆರೆಯ ಭೇದವಾಗಿರಬಹುದು. ಬೇರೆ ಜನಾಂಗದಲ್ಲಿ ಆ ನೆರೆಯೇ ಬೇರೆ.

೩

ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಉಪಾಧಿಯೆಂದು ಹೆಸರು. ಬೆಂಕಿಯಿದ್ದಲ್ಲಿ ಹೊಗೆಯಿದೆಯೆಂಬ ವ್ಯಾಪ್ತಿಯು ಕಾದ ಕಬ್ಬಿಣದ ಗುಂಡಿನಲ್ಲಿ ತಪ್ಪುತ್ತದೆ. ಏಕೆಂದರೆ ಹೊಗೆಗೆ ಹಸಿಯ ಸೌದೆಯ ಸಂಬಂಧವೂ ಬೇಕು. ಹಸಿಯ ಸೌದೆಯು ಸಾಧ್ಯವನ್ನು ವ್ಯಾಪಿಸಿ ಸಾಧನವನ್ನು ವ್ಯಾಪಿಸದಿರುವುದರಿಂದ ಉಪಾಧಿಯಾಯಿತು. ಪ್ರಕೃತಕ್ಕೆ ಇನ್ನೂ ಹತ್ತಿರವಾದ ಉದಾಹರಣೆಯೊಂದು ನ್ಯಾಯಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ಮಿತ್ರೆಯೆಂಬವಳ ಮಕ್ಕಳೆಲ್ಲರೂ ಶ್ಯಾಮವರ್ಣದವರು. ಆದುದರಿಂದ ಅವಳ ಇನ್ನೊಬ್ಬ ಮಗನೂ, ಅವಳ ಮಗನಾದ ಕಾರಣದಿಂದಲೇ, ಶ್ಯಾಮನೆಂದು ಅನುಮಾನಿಸಿದರೆ ಅದು ದುಷ್ಟವು. ಶ್ಯಾಮತೆಗೆ ಪ್ರಯೋಜಕವಾದುದು ಅವಳ ಮಗನಾಗಿರುವುದಲ್ಲ, ಗರ್ಭಕಾಲದಲ್ಲಿ ತಾಯಿಯು ತಿಂದ ಶಾಕದ ಪರಿಣಾಮವು ಎಂದು ತಾರ್ಕಿಕರು ಹೇಳುವರು. ಶಾಕದಿಂದ ವರ್ಣವು ಬದಲಾಗುವುದೋ ಇಲ್ಲವೋ ಎಂಬುದು ಇಲ್ಲಿ ಅಪ್ರಕೃತ. ಹುಟ್ಟನ್ನು ಹೇತುವಾಗಿ ಹಿಡಿದು ಗುಣವನ್ನು ಸಾಧಿಸಹೊರಟವನು ನಡುವೆ ಅಡಗಿರುವ ನಿಜವಾದ ಪ್ರಯೋಜಕವನ್ನು ಮರೆಯುವನೆಂಬುದೇ ಉದಾಹರಣೆಯ ತಾತ್ಪರ್ಯವು.

ಈ ಸಾಮ್ಯಕ್ಕೆ ಒಂದು ಎಲ್ಲೆಯುಂಟು. ತಾರ್ಕಿಕರ ವ್ಯಾಪ್ತಿಯು ವ್ಯಭಿಚಾರವನ್ನು ಒಂದು ಕಡೆಯೂ ಸಹಿಸದು. ವಂಶವಾಹಿಶಾಸ್ತ್ರದ ಸಂಬಂಧವು ಪ್ರಾಯಿಕವಾದುದು, ಗಣನೆಯಿಂದ ತಿಳಿಯತಕ್ಕದ್ದು. ಆದುದರಿಂದ ತರ್ಕದ ಪರಿಭಾಷೆಯನ್ನು ಇಲ್ಲಿ ತಂದಿರುವುದು ದೋಷವನ್ನು ಗುರುತಿಸುವ ಕ್ರಮಕ್ಕಾಗಿ ಮಾತ್ರ.

ಆಫ್ರಿಕ ಮೂಲದ ಅಮೆರಿಕನರ ವೃತ್ತಾಂತವು ಈ ದೋಷಕ್ಕೆ ಕನ್ನಡಿಯಂತಿದೆ. ೧೯೯೫ರಲ್ಲಿ ಪ್ರಕಟವಾದ ಒಂದು ಪ್ರಬಂಧವು, ಆ ಜನರಲ್ಲಿ ಬಹುಮಂದಿ ರೋಗಿಗಳಿಗೆ ಮೇಲೆ ಹೇಳಿದ ಸಾಧಾರಣಾಂಶವೇ ಇಲ್ಲವೆಂದು ತೋರಿಸಿತು. ಇದನ್ನೋದಿದವನಿಗೆ ಈ ಜನಾಂಗದ ರೋಗವೇ ಬೇರೆ, ಕಾರಣವೇ ಬೇರೆ ಎಂದು ತೋರುವುದು ಸಹಜ. ೨೦೦೮ರಲ್ಲಿ ಹೊರಬಂದ ಮತ್ತೊಂದು ಪರಿಶೀಲನೆಯು ಅದೇ ಜನರಲ್ಲಿ ಸಾಧಾರಣಾಂಶವು ರೋಗದೊಡನೆ ಸಂಬಂಧಪಟ್ಟಿದೆಯೆಂದು ಕಂಡಿತು. ಅಲ್ಲದೆ ಆ ಅಂಶವು ಅವರಲ್ಲಿ ಐರೋಪ್ಯ ಪೂರ್ವಿಕರ ಮಿಶ್ರಣದ ಮೂಲಕ ಬಂದುದೆಂದೂ ತೋರಿಸಿತು. ಎರಡೂ ಒಟ್ಟಿಗೆ ಸತ್ಯ. ಅಂಶವು ಇದ್ದಲ್ಲಿ ಅದು ತನ್ನ ಕೆಲಸವನ್ನು ಮಾಡುತ್ತದೆ. ಅದು ಇರುವವರು ಆ ಜನರಲ್ಲಿ ಕಡಮೆ. ಇಲ್ಲದವರಿಗೆ ರೋಗವು ಬಂದರೆ ಬೇರೆ ಕಾರಣಗಳನ್ನು ಹುಡುಕಬೇಕು. ಇಲ್ಲಿ ಜನಾಂಗದ ಹೆಸರು ಏನನ್ನೂ ಮಾಡಲಿಲ್ಲ. ಗಡಿಗೆಯು ಹುಟ್ಟುವಲ್ಲಿ ಕುಂಬಾರನ ತಂದೆಯೂ, ಮಣ್ಣು ಹೊತ್ತು ತಂದ ಕತ್ತೆಯೂ ಹೇಗೆ ಅನ್ಯಥಾಸಿದ್ಧರೋ, ಈ ರೋಗವು ಹುಟ್ಟುವಲ್ಲಿ ಜನಾಂಗದ ಹೆಸರೂ ಹಾಗೆಯೇ ಅನ್ಯಥಾಸಿದ್ಧವು. ಅದು ಅಂಶವನ್ನು ಹೊತ್ತು ತಂದಿತು, ಅಷ್ಟೆ.

೪

ಹಾಗಾದರೆ ಜನಾಂಗಗಳ ವಿಚಾರವನ್ನೇ ಬಿಟ್ಟುಬಿಡಬಹುದೆ? ಬಿಡಬಾರದು. ಕಾರಣವು ಅನ್ವಯವ್ಯತಿರೇಕಗಳಿಂದ ತಿಳಿಯತಕ್ಕದ್ದು: ಅದಿದ್ದರೆ ಕಾರ್ಯವು ಇರಬೇಕು, ಅದಿಲ್ಲದಿದ್ದರೆ ಇಲ್ಲವಾಗಬೇಕು. ಒಂದು ಭೇದವು ಒಂದು ಜನಾಂಗದ ಎಲ್ಲರಲ್ಲಿಯೂ ಇದ್ದರೆ ವ್ಯತಿರೇಕಕ್ಕೆ ಎಡೆಯಿಲ್ಲ. ಯಾರಲ್ಲಿಯೂ ಇಲ್ಲದಿದ್ದರೆ ಅನ್ವಯಕ್ಕೆ ಎಡೆಯಿಲ್ಲ. ಎರಡು ಕಡೆಯೂ ಕಾರಣವು ಕಣ್ಮರೆಯಾಗುವುದು. ಪಿಮಾ ಜನರಲ್ಲಿ ೧೪:೦೨ ಎಂಬ ಭೇದವು ಆರೋಗ್ಯವಂತರಲ್ಲಿಯೂ ಅತ್ಯಂತ ಪ್ರಚುರವಾಗಿರುವುದರಿಂದ, ರೋಗಿಗಳನ್ನು ಅವರೊಡನೆ ಹೋಲಿಸಿದರೆ ವ್ಯತ್ಯಾಸವು ಸ್ಪಷ್ಟವಾಗಿ ತೋರದು. ರೋಗವು ಅತ್ಯಧಿಕವಾಗಿರುವ ಜನರಲ್ಲಿಯೇ ಅದರ ಒಂದು ಮುಖ್ಯಕಾರಣವು ಅಡಗಿಕೊಳ್ಳುವುದು ಆಶ್ಚರ್ಯವಾದರೂ ತರ್ಕಕ್ಕೆ ಸಮ್ಮತವಾದುದೇ.

ಎರಡನೆಯ ಪಕ್ಷಕ್ಕೆ ಪಿ.ಟಿ.ಪಿ.ಎನ್. ೨೨ ಎಂಬ ವಂಶವಾಹಿಯು ಉದಾಹರಣೆ. ಅದರ ಪ್ರೋಟೀನಿನ ೬೨೦ನೆಯ ಸ್ಥಾನದಲ್ಲಿ ಆರ್ಜಿನಿನ್ ಇರಬೇಕಾದೆಡೆಯಲ್ಲಿ ಟ್ರಿಪ್ಟೊಫ್ಯಾನ್ ಇರುವ ಭೇದವು ಈ ರೋಗಕ್ಕೆ ಎಡೆಗೊಡುತ್ತದೆಯೆಂದು ೨೦೦೪ರಲ್ಲಿ ತಿಳಿದುಬಂದಿತು. ಯೂರೋಪಿನ ವಂಶಗಳಲ್ಲಿ ಎಚ್.ಎಲ್.ಎ. ಸಮೂಹವನ್ನು ಬಿಟ್ಟರೆ ಇದಕ್ಕಿಂತ ಬಲವಾದುದು ವಿರಳ. ಯೂರೋಪಿನೊಳಗೂ ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಇದರ ಪ್ರಾಚುರ್ಯವು ಹೆಚ್ಚುತ್ತದೆ. ಜಪಾನೀಯರಲ್ಲಿಯಾದರೋ ಈ ಭೇದವು ಕಾಣಬರಲಿಲ್ಲ. ಜಪಾನಿನಲ್ಲಿ ಮಾತ್ರವೇ ಸಂಶೋಧನೆಯು ನಡೆದಿದ್ದಲ್ಲಿ ಈ ಕಾರಣವು ಎಂದಿಗೂ ಹೊರಬೀಳುತ್ತಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಪಿ.ಎ.ಡಿ.ಐ. ೪ ಎಂಬ ವಂಶವಾಹಿಯ ಸಂಬಂಧವನ್ನು ೨೦೦೩ರಲ್ಲಿ ಕಂಡುಹಿಡಿದವರು ಜಪಾನೀ ವಿದ್ವಾಂಸರು. ಇಂಗ್ಲೆಂಡಿನ ರೋಗಿಗಳಲ್ಲಿ ಹುಡುಕಿದಾಗ ಅದು ಮೊದಲು ತೋರಲಿಲ್ಲ. ಆದರೆ ಇದರ ಬೆಲೆಯು ಸಂಖ್ಯೆಯಿಂದ ಅಳೆಯತಕ್ಕದ್ದಲ್ಲ. ಈ ವಂಶವಾಹಿಯು ಕಟ್ಟುವ ಕಿಣ್ವವು ಪ್ರೋಟೀನುಗಳಲ್ಲಿರುವ ಆರ್ಜಿನಿನ್ ಎಂಬುದನ್ನು ಸಿಟ್ರುಲಿನ್ ಆಗಿ ಮಾರ್ಪಡಿಸುತ್ತದೆ. ಹೀಗೆ ಮಾರ್ಪಟ್ಟ ತುಣುಕುಗಳೇ ಸಾಧಾರಣಾಂಶವುಳ್ಳ ಎಚ್.ಎಲ್.ಎ. ತೋಡಿನಲ್ಲಿ ಚೆನ್ನಾಗಿ ಕೂರುವುವು. ಅವುಗಳ ವಿರುದ್ಧವಾಗಿಯೇ ರೋಗಿಯ ರಕ್ತದಲ್ಲಿ ಪ್ರತಿವಸ್ತುಗಳು ಹುಟ್ಟುವುವು. ಡಲ್ಲಾಸಿನಲ್ಲಿ ಹಿಡಿದ ಎಳೆಯೂ ಜಪಾನಿನಲ್ಲಿ ಹಿಡಿದ ಎಳೆಯೂ ಒಂದೇ ಹಗ್ಗದ ಎಳೆಗಳಾದುವು. ಸ್ವೀಡನ್ನಿನ ಕ್ಲಾರೆಸ್ಕೋಗ್ ಮತ್ತು ಸಂಗಡಿಗರು ೨೦೦೬ರಲ್ಲಿ ಮೂರನೆಯ ಎಳೆಯನ್ನು ಸೇರಿಸಿದರು. ಧೂಮಪಾನವನ್ನೂ ಮಾಡಿ, ಸಾಧಾರಣಾಂಶವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದವರಲ್ಲಿ, ಎರಡೂ ಇಲ್ಲದವರಿಗಿಂತ, ಪ್ರತಿವಸ್ತುವುಳ್ಳ ಈ ರೋಗದ ಸಂಭವವು ೨೧ ಪಟ್ಟು ಹೆಚ್ಚೆಂದು ಅವರ ಗಣನೆ. ಮಿತ್ರೆಯ ಶಾಕವನ್ನು ಇಲ್ಲಿ ನೆನೆಯದಿರಲಾಗದು.

೫

ಇಷ್ಟು ಪೀಠಿಕೆಯಿಂದ ಎರಡು ಪ್ರಧಾನ ಪ್ರಬಂಧಗಳ ಗುಣದೋಷಗಳು ವಿಶದವಾಗುತ್ತವೆ. ೨೦೧೪ರ ಪ್ರಬಂಧವು ಐರೋಪ್ಯ ಮತ್ತು ಏಷ್ಯದ ವಂಶಗಳ ೨೯,೮೮೦ ರೋಗಿಗಳನ್ನೂ ೭೩,೭೫೮ ಇತರರನ್ನೂ ಒಟ್ಟಿಗೆ ಗಣಿಸಿ, ೪೨ ಹೊಸ ಸ್ಥಾನಗಳನ್ನು ಸೇರಿಸಿ ಒಟ್ಟು ೧೦೧ ಸ್ಥಾನಗಳನ್ನು ನಿರ್ಧರಿಸಿತು. ಅದಕ್ಕೆ ಮೊದಲು ಎರಡು ಖಂಡಗಳ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸವನ್ನು ಹೇಳುವುದೇ ವಾಡಿಕೆಯಾಗಿದ್ದಿತು. ಒಕಾಡರ ಗುಂಪು ವ್ಯತ್ಯಾಸವನ್ನು ಸಾಧನವನ್ನಾಗಿ ಮಾಡಿಕೊಂಡಿತು. ಎರಡು ಶಾಖೆಗಳಲ್ಲಿ ನೆರೆಯ ಭೇದಗಳು ಬೇರೆಯಾಗಿರುವುದರಿಂದ, ಎರಡರಲ್ಲಿಯೂ ರೋಗದೊಡನೆ ನಿಲ್ಲುವ ಭೇದವೇ ನಿಜವಾದ ಪ್ರಯೋಜಕಕ್ಕೆ ಸಮೀಪವಾದುದು. ಇದು ಉಪಾಧಿನಿರಾಸದ ಸರಿಯಾದ ಮಾರ್ಗವು. ಎಚ್.ಎಲ್.ಎ. ವಿಷಯದಲ್ಲಿಯೂ ಇದೇ ಫಲವು ಕಂಡಿದೆ. ಐರೋಪ್ಯರಲ್ಲಿ ೨೦೧೨ರಲ್ಲಿ ರೋಗಸಂಬಂಧವು ಮೂರು ಪ್ರೋಟೀನುಗಳ ಐದು ಸ್ಥಾನಗಳಿಗೆ ಇಳಿಸಲ್ಪಟ್ಟಿತು. ಏಷ್ಯದ ಜನರನ್ನು ಸೇರಿಸಿ ನೋಡಿದಾಗ ಎರಡು ಖಂಡಗಳಿಗೂ ಸಾಧಾರಣವಾದ ಸ್ಥಾನಭೇದಗಳೇ ಪ್ರಧಾನವೆಂದು ಸಿದ್ಧಪಟ್ಟಿತು.

೨೦೨೨ರ ಪ್ರಬಂಧದ ವಿಸ್ತಾರವು ಇನ್ನೂ ದೊಡ್ಡದು. ಒಟ್ಟು ೨,೭೬,೦೨೦ ಮಂದಿ. ಅವರಲ್ಲಿ ರೋಗಿಗಳು ೩೫,೮೭೧. ಸ್ಥಾನಗಳು ೧೨೪, ಅವುಗಳಲ್ಲಿ ಹೊಸವು ೩೪. ಈ ಸ್ಥಾನಗಳ ಬಲಾಬಲಗಳನ್ನು ಕೂಡಿಸಿ ಒಬ್ಬೊಬ್ಬರ ರೋಗಸಂಭವವನ್ನು ಅಂಕದಲ್ಲಿ ಹೇಳುವ ಕ್ರಮವೊಂದುಂಟು. ಒಂದೇ ಜನಾಂಗದ ಗಣನೆಯಿಂದ ಕಟ್ಟಿದ ಅಂಕಕ್ಕಿಂತ ಬಹುಜನಾಂಗಗಳ ಗಣನೆಯಿಂದ ಕಟ್ಟಿದ ಅಂಕವು ಉತ್ತಮವೆಂದೂ, ಅದು ಐರೋಪ್ಯರಲ್ಲಿಯೂ ಪೂರ್ವ ಏಷ್ಯದವರಲ್ಲಿಯೂ ಸುಮಾರು ಸಮವಾಗಿ ಸಲ್ಲುವುದೆಂದೂ ಈ ಪ್ರಬಂಧವು ತೋರಿಸಿದೆ. ಪರಜನಾಂಗಗಳನ್ನು ಸೇರಿಸಿಕೊಳ್ಳುವುದು ಕೇವಲ ಔದಾರ್ಯವಲ್ಲ, ಪ್ರಮಾಣಕ್ಕೆ ಅವಶ್ಯಕವಾದ ಅಂಗವೆಂಬುದು ಇದರಿಂದ ಸ್ಥಾಪಿತವಾಯಿತು.

ಆದರೆ ಇದೇ ಪ್ರಬಂಧದ ಕೋಷ್ಟಕವನ್ನು ಓದಿದರೆ ನ್ಯೂನತೆಯೂ ಗೋಚರಿಸುತ್ತದೆ. ರೋಗಿಗಳಲ್ಲಿ ಐರೋಪ್ಯರು ೨೨,೩೫೦, ಪೂರ್ವ ಏಷ್ಯದವರು ೧೧,೦೨೫, ಆಫ್ರಿಕದವರು ೯೯೯, ದಕ್ಷಿಣ ಏಷ್ಯದವರು ೯೮೬, ಅರಬರು ೫೧೧. ಮಾನವಕುಲದ ಸುಮಾರು ನಾಲ್ಕನೆಯ ಒಂದು ಪಾಲು ವಾಸಿಸುವ ಭೂಭಾಗಕ್ಕೆ ಸಂದಿರುವುದು ನೂರಕ್ಕೆ ಮೂರಕ್ಕಿಂತಲೂ ಕಡಮೆ. ಐರೋಪ್ಯರಲ್ಲಿಯೂ ಪೂರ್ವ ಏಷ್ಯದವರಲ್ಲಿಯೂ ಅಂಕವು ಸಮವಾಗಿ ಸಲ್ಲುವುದೆಂಬ ಮಾತನ್ನು ಎಲ್ಲ ಜನಾಂಗಗಳಲ್ಲಿಯೂ ಸಲ್ಲುವುದೆಂದು ಓದುವುದು ಪ್ರಬಂಧಕಾರರು ಹೇಳದುದನ್ನು ಅವರ ಬಾಯಲ್ಲಿ ಇಟ್ಟಂತಾಗುವುದು. ಆಫ್ರಿಕದವರು ವಿರಳವಾಗಿರುವುದು ಮತ್ತೊಂದು ನಷ್ಟವು. ಅಲ್ಲಿಯ ಜನರ ವಂಶಪರಂಪರೆಯು ಅತ್ಯಂತ ಪ್ರಾಚೀನವಾದುದರಿಂದ ಕೂಡಿ ಇಳಿದುಬರುವ ಭೇದಗಳ ಗುಂಪುಗಳು ಚಿಕ್ಕ ಚಿಕ್ಕವಾಗಿ ಒಡೆದಿವೆ. ಗುರುತನ್ನೂ ಕಾರಣವನ್ನೂ ಬೇರ್ಪಡಿಸಲು ಅವರಿಗಿಂತ ಒಳ್ಳೆಯ ಸಾಕ್ಷಿಗಳಿಲ್ಲ.

ವಿಭಾಗದ ಹೆಸರುಗಳಲ್ಲಿಯೂ ಸಾಂಕರ್ಯವುಂಟು. ನಾಲ್ಕು ಹೆಸರುಗಳು ಭೂಭಾಗವನ್ನು ಹಿಡಿದು ಬಂದುವು; ಐದನೆಯದು ಭಾಷೆಯನ್ನೂ ಪರಂಪರೆಯನ್ನೂ ಹಿಡಿದು ಬಂದಿತು. ದಕ್ಷಿಣ ಏಷ್ಯವೆಂಬುದನ್ನು ಒಂದು ಘಟಕವಾಗಿ ಭಾವಿಸುವುದಂತೂ ವಿಚಾರಾರ್ಹವು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿದ್ವಾಂಸರೂ ಅಮೆರಿಕದ ಡೇವಿಡ್ ರೈಕ್ ಮೊದಲಾದವರೂ ಕೂಡಿ ೨೦೦೯ರಲ್ಲಿ ಪ್ರಕಟಿಸಿದ ಪರಿಶೀಲನೆಯಿಂದ, ಭಾರತದ ಬಹುತೇಕ ಜನವರ್ಗಗಳು ಎರಡು ಪ್ರಾಚೀನ ಮೂಲಗಳ ಮಿಶ್ರಣದಿಂದ ಹುಟ್ಟಿ, ಅನಂತರ ತಮ್ಮ ತಮ್ಮೊಳಗೇ ವಿವಾಹಸಂಬಂಧವನ್ನು ಬೆಳೆಸಿದುದರಿಂದ ಪರಸ್ಪರ ಭಿನ್ನವಾದುವೆಂದು ತಿಳಿದುಬಂದಿದೆ. ನೆರೆಯ ಬೀದಿಗಳಲ್ಲಿರುವ ಎರಡು ವರ್ಗಗಳ ವಂಶವಾಹಿಗಳಲ್ಲಿ ಭೇದಗಳ ಪ್ರಾಚುರ್ಯವು ಬೇರೆಯಾಗಿರಬಹುದು. ಉತ್ತರ ಭಾರತದ ರೋಗಿಗಳಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಸಂಶೋಧನೆಯು ಎ.ಆರ್.ಎಲ್. ೧೫ ಎಂಬ ಹೊಸ ವಂಶವಾಹಿಯನ್ನು ಮುಂದಿಟ್ಟಿತು. ಅದರ ಬಲವನ್ನು ದಕ್ಷಿಣದ ರೋಗಿಗಳಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸದೆ ಅಂಗೀಕರಿಸಿದರೆ, ಪರದೇಶದ ಗಣನೆಯನ್ನು ಇಲ್ಲಿಗೆ ಹಚ್ಚುವುದರಲ್ಲಿರುವ ದೋಷವೇ ದೇಶದೊಳಗೂ ಬಂದೊದಗುವುದು.

೬

ಪರಪಕ್ಷದ ದೋಷವನ್ನು ಹೇಳಿ ಸ್ವಪಕ್ಷದ ದೋಷವನ್ನು ಮುಚ್ಚುವುದು ವಿಮರ್ಶೆಯ ಧರ್ಮವಲ್ಲ. ವಂಶವಾಹಿಯ ವಿಚಾರವೆಲ್ಲ ಆಯುರ್ವೇದದಲ್ಲಿ ಮೊದಲೇ ಹೇಳಲ್ಪಟ್ಟಿದೆಯೆಂದು ಕೆಲವರು ಹೇಳುವರು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಬೀಜ, ಬೀಜಭಾಗ, ಬೀಜಭಾಗಾವಯವ ಎಂಬ ವಿಭಾಗವುಂಟು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಶುಕ್ರಶೋಣಿತಗಳ ದೋಷದಿಂದ ಬರುವ ರೋಗಗಳಿಗೆ ಆದಿಬಲಪ್ರವೃತ್ತವೆಂದು ಹೆಸರುಂಟು. ಇವು ಆ ಕಾಲದ ಪರಿಶೀಲನೆಯ ಸೂಕ್ಷ್ಮತೆಗೆ ನಿದರ್ಶನಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚರಕನ ಅಭಿಪ್ರಾಯದಲ್ಲಿ ಬೀಜದ ಯಾವ ಅವಯವವು ದುಷ್ಟವಾಗುವುದೋ ಅದರಿಂದ ಹುಟ್ಟುವ ಶರೀರಭಾಗವು ವಿಕೃತವಾಗುವುದು. ಇಲ್ಲಿ ಹೇಳಿದ ಸಾಧಾರಣಾಂಶವಾದರೋ ದುಷ್ಟಿಯಲ್ಲ. ಕೋಟ್ಯಂತರ ಆರೋಗ್ಯವಂತರಲ್ಲಿ ಅದು ನೆಲಸಿದೆ. ಅದರಿಂದ ಹುಟ್ಟಿದ ಯಾವ ಅವಯವವೂ ವಿಕೃತವಾಗಿಲ್ಲ. ಹೊರಗಿನ ನಿಮಿತ್ತಗಳು ಕೂಡಿದಾಗ ಮಾತ್ರ ಅದು ರೋಗಕ್ಕೆ ಸಹಕರಿಸುತ್ತದೆ. ಆದುದರಿಂದ ಎರಡನ್ನೂ ಒಂದೆಂದು ಹೇಳಿದರೆ ಚರಕನಿಗೂ ನ್ಯಾಯವಿಲ್ಲ, ಹೊಸ ಶಾಸ್ತ್ರಕ್ಕೂ ನ್ಯಾಯವಿಲ್ಲ.

ಆಮವಾತವೆಂಬ ಹೆಸರಿನ ವಿಷಯವೂ ಇಂಥದೇ. ಅದನ್ನು ಪ್ರತ್ಯೇಕ ಅಧ್ಯಾಯದಲ್ಲಿ ವಿವರಿಸಿದವನು ಮಾಧವಕರನು. ಅವನು ಹೇಳುವ ನಿದಾನವು ವಿರುದ್ಧಾಹಾರ, ಮಂದಾಗ್ನಿ, ನಿಶ್ಚೇಷ್ಟತೆ ಮೊದಲಾದುವುಗಳೇ ಹೊರತು ಬೀಜವಲ್ಲ. ಲಕ್ಷಣಗಳಲ್ಲಿ ಹೋಲಿಕೆಯಿರುವುದರಿಂದ ಈಗಿನ ರೋಗಕ್ಕೆ ಆ ಹೆಸರನ್ನು ವ್ಯವಹಾರದಲ್ಲಿ ಕೊಡುವರು. ಆದರೆ ಹೆಸರಿನ ಸಾಮ್ಯದಿಂದ ವಸ್ತುವಿನ ಐಕ್ಯವು ಸಿದ್ಧಿಸದು. ಪ್ರಾಚೀನರಿಂದ ಈ ವಿಚಾರದಲ್ಲಿ ಕಲಿಯತಕ್ಕದ್ದು ಬೇರೊಂದುಂಟು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬಾಹ್ಲೀಕರು, ಪಹ್ಲವರು, ಚೀನರು, ಯವನರು, ಶಕರು ಮುಂತಾದ ಜನರನ್ನು ಹೆಸರಿಸಿ ಅವರವರಿಗೆ ಒಗ್ಗಿದ ಆಹಾರವನ್ನು ಹೇಳಿದೆ. ಅಲ್ಲಿ ಜನಾಂಗದ ಭೇದಕ್ಕೆ ಆಧಾರವು ಸಾತ್ಮ್ಯ, ಅಂದರೆ ರೂಢಿಯಿಂದ ದೇಹಕ್ಕೆ ಒಗ್ಗಿದುದು, ಹುಟ್ಟಿನ ಹೆಸರಲ್ಲ. ದೇಶ, ಕಾಲ, ಆಹಾರ, ಅಭ್ಯಾಸಗಳನ್ನು ವಿಚಾರಿಸದೆ ರೋಗಿಯನ್ನು ನಿರ್ಣಯಿಸಬಾರದೆಂಬ ಆ ಎಚ್ಚರವು ೧೨೪ ಸ್ಥಾನಗಳು ತಿಳಿದ ಮೇಲೆಯೂ ಹಳತಾಗಿಲ್ಲ.

೭

ಈ ವಾದದ ಫಲವು ಗ್ರಂಥಗಳಲ್ಲಿಯೇ ನಿಲ್ಲತಕ್ಕದ್ದಲ್ಲ. ಈ ರೋಗದಲ್ಲಿ ಮೊದಲ ತಿಂಗಳುಗಳು ಅಮೂಲ್ಯವಾದುವು. ಆಗ ಚಿಕಿತ್ಸೆಯು ದೊರೆತರೆ ಸಂಧಿಗಳು ಉಳಿಯುತ್ತವೆ, ತಡವಾದರೆ ಹೋದ ಅಸ್ಥಿಯು ಮರಳಿ ಬಾರದು. ಬೆರಳು ಬಿಗಿದು ವೈದ್ಯರಲ್ಲಿಗೆ ಬಂದ ಒಬ್ಬ ಸ್ತ್ರೀಗೆ, ಅವಳ ಜನರನ್ನು ಗಣಿಸದೆ ಕಟ್ಟಿದ ಅಂಕವನ್ನು ಹಿಡಿದು ನಿನಗೆ ಈ ರೋಗದ ಸಂಭವವು ಅಲ್ಪವೆಂದು ಹೇಳಿದರೆ, ತರ್ಕದ ದೋಷವು ಅವಳ ಕೈಬೆರಳುಗಳಲ್ಲಿ ಉಳಿಯುತ್ತದೆ. ಹಾಗೆಯೇ ಆರೋಗ್ಯವಂತನೊಬ್ಬನಿಗೆ ನಿನ್ನ ವಂಶದಲ್ಲಿಯೇ ಇದು ಬರೆದಿದೆಯೆಂದು ಹೇಳಿದರೆ, ಒಂದೇ ಪಿಂಡದ ಅವಳಿಗಳಲ್ಲಿಯೂ ಆರರಲ್ಲಿ ಐದು ಪಾಲು ಮಂದಿ ತಪ್ಪಿಸಿಕೊಳ್ಳುವರೆಂಬುದನ್ನು ಮರೆತಂತಾಗುವುದು.

ಭಾರತದ ೧೦,೦೦೦ ಮಂದಿಯ ಸಮಗ್ರ ಜೀನೋಮನ್ನು ಓದುವ ಕಾರ್ಯವು ೨೦೨೦ರಲ್ಲಿ ಆರಂಭವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರದ ಮೇಲ್ವಿಚಾರಣೆಯಲ್ಲಿ ನಡೆದು, ಅದರ ದತ್ತಾಂಶವು ೨೦೨೫ರ ಜನವರಿಯಲ್ಲಿ ಸಂಶೋಧಕರಿಗೆ ದೊರೆಯುವಂತಾಯಿತು. ಇದರಿಂದ ಯಾವ ವರ್ಗದಲ್ಲಿ ಯಾವ ಭೇದವು ಎಷ್ಟು ಪ್ರಚುರವೆಂಬುದು ತಿಳಿಯುವುದು. ಯಾವ ಭೇದವು ಯಾವ ರೋಗಕ್ಕೆ ಕಾರಣವೆಂಬುದು ಇದರಿಂದಲೇ ತಿಳಿಯದು. ಅದಕ್ಕೆ ರೋಗಿಗಳನ್ನು ಅವರವರ ವರ್ಗದ ಆರೋಗ್ಯವಂತರೊಡನೆ, ಅವರ ಆಹಾರಾಭ್ಯಾಸಗಳ ವಿವರದೊಡನೆ ಹೋಲಿಸಿ ಗಣಿಸಬೇಕು. ಮೂಲಪ್ರತಿಗಳು ದೊರೆತ ಮಾತ್ರದಿಂದ ಪಾಠವು ನಿರ್ಣಯವಾಗದು. ಪ್ರತಿಗಳಿಲ್ಲದೆ ನಿರ್ಣಯಕ್ಕೆ ತೊಡಗುವುದಂತೂ ಸಾಹಸವೇ ಸರಿ.

ಒಟ್ಟಿನಲ್ಲಿ, ರುಮಟಾಯ್ಡ್ ಸಂಧಿವಾತಕ್ಕೆ ಜನಾಂಗಕ್ಕೊಂದು ಕಾರಣವೆಂಬ ಪಕ್ಷವೂ ನಿಲ್ಲುವುದಿಲ್ಲ. ಒಂದು ಜನಾಂಗದ ಗಣನೆಯು ಎಲ್ಲರಿಗೂ ಸಾಕೆಂಬ ಪಕ್ಷವೂ ನಿಲ್ಲುವುದಿಲ್ಲ. ಕಾರಣಗಳು ಬಹುಮಟ್ಟಿಗೆ ಸಾಧಾರಣವಾದುವು; ಅವುಗಳ ಪ್ರಾಚುರ್ಯವೂ, ಅವುಗಳ ನೆರೆಯೂ, ಅವುಗಳಿಗೆ ಸಹಕರಿಸುವ ನಿಮಿತ್ತಗಳೂ ಜನಾಂಗದಿಂದ ಜನಾಂಗಕ್ಕೆ ಬೇರೆಯಾದುವು. ಸಾಧಾರಣವಾದುದು ಯಾವುದೆಂದು ತಿಳಿಯಬೇಕಾದರೆ ಬೇರೆಯಾದುವೆಲ್ಲವನ್ನೂ ಪರೀಕ್ಷಿಸಲೇಬೇಕು. ಆ ಪರೀಕ್ಷೆಯಲ್ಲಿ ೯೮೬ ಮಂದಿಯ ಸಾಕ್ಷ್ಯದಿಂದ ತೃಪ್ತಿಪಡುವುದು ಶಾಸ್ತ್ರಕ್ಕೆ ಒಪ್ಪುವ ಮಾತಲ್ಲ.